ಬಿರುಕಿಲ್ಲದ ಎಂಜಿನ್ನು

ಸದ್ದು ಕೇಳಿಯೇ ಗಾಡಿ ಯಾವುದು, ಅದರ ಕಾಯಿಲೆ ಏನು ಎಂದು ಹೇಳಿಬಿಡುತ್ತೇನೆ ಅನ್ನುವುದು ಒಂದು ಕಾಲದಲ್ಲಿ ನನ್ನ ದೊಡ್ಡ ಕೊಬ್ಬು. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಬದಿಗೆ ನನ್ನ ರಿಪೇರಿ ಶೆಡ್ಡು, ಎದುರಿಗೆ ಟೀ ಅಂಗಡಿ. ಅಲ್ಲಿನ ಬೆಂಚಿನ ಮೇಲೆ ರಸ್ತೆಗೆ ಬೆನ್ನು ಹಾಕಿ ಕೂತು, ಬಂಡೀಪುರದ ಕಡೆಯಿಂದ ಬರುವ ಗಾಡಿಗಳನ್ನು ತಿರುಗಿಯೂ ನೋಡದೆ ಹೇಳುತ್ತಿದ್ದೆ: ಇದು ಕೇರಳದ ಲಾರಿ, ಮೂರನೇ ಗೇರಿನಲ್ಲಿದೆ, ಟ್ಯಾಪೆಟ್ ಸಡಿಲವಾಗಿದೆ. ತಪ್ಪಿದ್ದು ಕಡಿಮೆ. ಕೂತವರು ಹೋ ಎಂದು ನಗುತ್ತಿದ್ದರು, ಇನ್ನೊಂದು ಟೀ ಕೊಡಿಸುತ್ತಿದ್ದರು. ನಾನು ಮೀಸೆ ತಿರುವಿಕೊಂಡು ಕುಡಿಯುತ್ತಿದ್ದೆ. ಈಗ ಕಿವಿ ಮಂದವಾಗಿದೆ. ಕಿವಿಗೊಂದು ಮಿಷನ್ ಹಾಕಿಸಿಕೋ ಎಂದು ಮಗಳು ವರ್ಷದಿಂದ ಜೀವ ತಿನ್ನುತ್ತಿದ್ದಾಳೆ. ಬೇಡ ಅನ್ನುತ್ತೇನೆ. ಯಾಕೆ ಬೇಡ ಎಂದು ಅವಳಿಗೆ ಹೇಳಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಚಾಮರಾಜನಗರ ಆಗಿನ್ನೂ ಮೈಸೂರು ಜಿಲ್ಲೆಗೇ ಸೇರಿತ್ತು. ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಐವತ್ತು ದಾಟಿದ ಒಂಟಿ ಹೆಂಗಸು, ಮಾತು ಕಡಿಮೆ, ಸಿಟ್ಟು ಅದಕ್ಕಿಂತ ಕಡಿಮೆ. ವಾರದಲ್ಲಿ ಆರು ದಿನ ಪೇಟೆಯೊಳಗೆ ಕ್ಲಿನಿಕ್ಕು. ಬುಧವಾರ ಮಾತ್ರ ಕ್ಲಿನಿಕ್ಕಿನ ಬಾಗಿಲು ಹಾಕಿ, ಔಷಧಿಯ ಪೆಟ್ಟಿಗೆ ಹೊತ್ತು ಸತ್ಯಮಂಗಲದ ರಸ್ತೆ ಹಿಡಿಯುವರು. ಪುಣಜನೂರು ದಾಟಿದ ಮೇಲೆ ಎಡಕ್ಕೆ ಮಣ್ಣಿನ ದಾರಿ, ಒಂದು ಹಳ್ಳ, ಅದರಾಚೆ ಕಾಡೊಳಗೆ ಸೋಲಿಗರ ಪೋಡು, ಇಪ್ಪತ್ತು ಇಪ್ಪತ್ತೈದು ಗುಡಿಸಲಿನ ಹಟ್ಟಿ. ಅಲ್ಲಿಗೆ ಬಸ್ಸಿಲ್ಲ, ಕಾರು ಹೋಗುವುದಿಲ್ಲ. ಮುಂದಿನ ಚಕ್ರಕ್ಕೂ ಗೇರು ಹಾಕಿಕೊಂಡು ಹಳ್ಳ ದಾಟಬಲ್ಲ ಗಾಡಿಯೇ ಬೇಕು. ಡಾಕ್ಟರಮ್ಮನ ಹತ್ತಿರ ಅಂಥದ್ದೊಂದು ಇತ್ತು. ಅವರ ತಂದೆ ಎಂದೋ ಸೈನ್ಯದ ಹರಾಜಿನಲ್ಲಿ ತಂದ ಹಳೇ ಪೆಟ್ರೋಲ್ ಜೀಪು.

ಅದನ್ನು ಓಡಿಸುತ್ತಿದ್ದವನು ಹರದನಹಳ್ಳಿಯ ಒಬ್ಬ ಮುದುಕ. ಡಾಕ್ಟರಮ್ಮನ ತಂದೆಯ ಕಾಲದಿಂದ ಅದೇ ಸೀಟಿನಲ್ಲಿ ಕೂತು ಸವೆದವನು. ಜೀಪಿಗೆ ನೆಗಡಿಯಾದರೂ ಸರಿ, ಮೂವತ್ತೈದು ಕಿಲೋಮೀಟರ್ ಓಡಿಸಿಕೊಂಡು ನನ್ನ ಶೆಡ್ಡಿಗೇ ತರುತ್ತಿದ್ದ. ಚಾಮರಾಜನಗರದಲ್ಲಿ ಮೆಕ್ಯಾನಿಕ್ಕುಗಳು ಇರಲಿಲ್ಲ ಎಂದಲ್ಲ. ನನ್ನ ಮೇಲೆ ಅವನಿಗೆ ಅಷ್ಟು ನಂಬಿಕೆ. ಇದನ್ನು ಬರೆಯುವಾಗಲೂ ಮೈ ಹಿಡಿಯಾಗುತ್ತದೆ.

ಆ ಜೀಪಿಗೆ ತನ್ನದೇ ಒಂದು ಸದ್ದಿತ್ತು. ಪೆಟ್ರೋಲ್ ಎಂಜಿನ್ನು ಮೆತ್ತಗೆ ಗುರುಗುಡುತ್ತದೆ. ಅದರ ಜೊತೆಗೆ ಸೈಲೆನ್ಸರಿನ ಕೊಳವೆಯಲ್ಲಿ ಬಟಾಣಿಯಷ್ಟು ಒಂದು ತೂತು ಬಿದ್ದು, ಉಬ್ಬಸದ ಅಜ್ಜಿ ನಡೆದು ಬಂದ ಹಾಗೆ ಸುಯ್ ಸುಯ್ ಎನ್ನುತ್ತಿತ್ತು. ಮೆಕ್ಯಾನಿಕ್ಕಿಗೆ ಅದು ಅವಮಾನ. ಮೂರು ಸಲ ವೆಲ್ಡಿಂಗ್ ಕಡ್ಡಿ ಹಿಡಿದುಕೊಂಡು ಹೋಗಿದ್ದೆ. ಮೂರು ಸಲವೂ ಮುದುಕ ಅಡ್ಡ ಬಂದ.

"ಅದೊಂದು ಇರ್ಲಿ ಬುಡ್ಲಾ. ಪೋಡ್ನೋರು ಅದ್ನ ಕೇಳ್ಕಂಡೇ ದಾರಿಗ ಬತ್ತರ. ನಾವು ಹಳ್ಳ ದಾಟೋದ್ರೊಳಗ ಐಕ್ಳು ಮಕ್ಳೆಲ್ಲ ಓಡ್ಬಂದು ನಿಂತಿರ್ತವ."

"ಹಾರನ್ ಇಲ್ವಾ ಅದ್ಕ?" ಎಂದು ನಾನು ರೇಗಿಸಿದ್ದೆ.

"ಹಾರನ್ ಯಾರ್ ಬೇಕಾದ್ರೂ ಒಡೀಬೋದು ಕಣ" ಎಂದಿದ್ದ.

ಮುದುಕನಿಗೆ ವಯಸ್ಸಾಯಿತು ಎಂದುಕೊಂಡು ಸುಮ್ಮನಾದೆ. ಅವನ ಆ ಮಾತನ್ನು ಆಗ ಕಿವಿಗೆ ಹಾಕಿಕೊಂಡಿದ್ದರೆ ಇಷ್ಟು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಆ ವರ್ಷ ಗೌರಿ ಹಬ್ಬ ಕಳೆದ ಮೇಲೆ ಜೀಪು ಬಂತು. ಹಿಂದೆ ನೀಲಿ ಹೊಗೆ, ಏರಿನಲ್ಲಿ ಉಸಿರಿಲ್ಲ, ನಿಂತಲ್ಲಿ ಜ್ವರ ಬಂದವರಂತೆ ನಡುಕ. ಎಂಜಿನ್ನಿನ ತಲೆ ಬಿಚ್ಚಿ ನೋಡಿದೆ. ಎರಡು ಸಿಲಿಂಡರುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿತ್ತು, ಪಿಸ್ಟನ್ನಿನ ರಿಂಗುಗಳು ಸವೆದಿದ್ದವು. ಇಷ್ಟೇ. ಗ್ಯಾಸ್ಕೆಟ್ ಹೊಸದು, ರಿಂಗು ಹೊಸದು, ವಾಲ್ವುಗಳನ್ನು ಉಜ್ಜಿ ಕೂರಿಸಿದರೆ ಇನ್ನೂ ಹತ್ತು ವರ್ಷ ಓಡುವ ಎಂಜಿನ್ನು. ಒಂದು ವಾರದ ಕೆಲಸ. ಇದು ನನಗೆ ಆ ದಿನ, ಆ ಗಳಿಗೆಯಲ್ಲೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಳ್ಳಲು ನೋಡಿದ್ದೇನೆ, ಆಗಿಲ್ಲ.

ಆದರೆ ನನ್ನ ಶೆಡ್ಡಿನ ಮೂಲೆಯಲ್ಲಿ ಗೋಣಿ ಹೊದ್ದುಕೊಂಡು ಒಂದು ಡೀಸೆಲ್ ಎಂಜಿನ್ನು ಕೂತಿತ್ತು. ಹರಾಜಿನಲ್ಲಿ ಹೋದ ಒಂದು ಪೊಲೀಸ್ ಜೀಪಿನದು. ಜೀಪಿನ ಮೈಯೆಲ್ಲ ತುಕ್ಕು ತಿಂದಿತ್ತು, ಎಂಜಿನ್ನು ಮಾತ್ರ ಗಟ್ಟಿ. ಸೈಲೆನ್ಸರ್ ಸಮೇತ ಎತ್ತಿಕೊಂಡು ಬಂದಿದ್ದೆ. ಮೈಸೂರಿನಲ್ಲಿ ಆಗ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ಮೇಸ್ತ್ರಿಗಳು ಹುಟ್ಟಿಕೊಂಡಿದ್ದರು. ಅವರ ಹೆಸರು ಹೇಳಿದರೆ ಜನ ತಲೆದೂಗುತ್ತಿದ್ದರು. ನಮ್ಮ ಸೀಮೆಯಲ್ಲಿ ಆ ಕೆಲಸಕ್ಕೆ ಇನ್ನೂ ಯಾರೂ ಕೈ ಹಾಕಿರಲಿಲ್ಲ. ನನಗೆ ಆರು ತಿಂಗಳಿಂದ ಕೈ ತುರಿಸುತ್ತಿತ್ತು. ಕೂರಿಸುವುದಕ್ಕೆ ಒಂದು ಜೀಪು ಬೇಕಿತ್ತು, ಅಷ್ಟೇ. ಜೀಪು ತಾನಾಗಿ ಬಂದು ಬಾಗಿಲಲ್ಲಿ ನಿಂತಿತ್ತು.

ಡಾಕ್ಟರಮ್ಮ ಭಾನುವಾರ ಬಸ್ಸಿನಲ್ಲಿ ಬಂದರು. ಅವರನ್ನು ಬಿಚ್ಚಿದ ಎಂಜಿನ್ನಿನ ಮುಂದೆ ನಿಲ್ಲಿಸಿ, ಟಾರ್ಚು ಹಾಕಿ, ಬ್ಲಾಕಿನ, ಅಂದರೆ ಎಂಜಿನ್ನಿನ ಕಬ್ಬಿಣದ ಒಡಲಿನ, ಪಕ್ಕದಲ್ಲಿ ಎರಕ ಹೊಯ್ದಾಗಿನ ಒಂದು ಗೆರೆ ಇರುತ್ತದಲ್ಲ, ಅದರ ಮೇಲೆ ಉಗುರು ಎಳೆದು ತೋರಿಸಿದೆ. ಗೆರೆಗೆ ಮೊದಲೇ ಒಂದಿಷ್ಟು ಮಸಿ ಗ್ರೀಸು ತಿಕ್ಕಿಟ್ಟಿದ್ದೆ.

"ನೋಡಿ ಅಮ್ಮಾ. ಬ್ಲಾಕು ಬಿರುಕು ಬಿಟ್ಟದ. ಇದು ಮುಗೀತು. ಡೀಸೆಲ್ ಎಂಜಿನ್ ಕೂರ್ಸಿಬುಡನ. ಖರ್ಚೂ ಉಳೀತದ, ನಿಮ್ಮ ಹಳ್ಳ ಗಿಳ್ಳ ಎಲ್ಲ ಅದ್ಕ ಲೆಕ್ಕಕ್ಕಿಲ್ಲ."

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ನಾನು ಟಾರ್ಚಿನ ಬೆಳಕನ್ನು ತುಸು ಆಚೆಗೆ ಸರಿಸಿದೆ. ಎಕ್ಸ್‌ರೇ ನೋಡುವ ಕಣ್ಣು, ಗೊತ್ತಾಗಿಬಿಡುತ್ತದೇನೋ ಎಂದು.

"ನನಗೇನೂ ಕಾಣಿಸ್ತಿಲ್ಲ" ಎಂದರು. "ಆದ್ರೆ ನಿಮಗೆ ಕಾಣ್ಸಿದೆಯಲ್ಲ, ಸಾಕು. ನನ್ನ ಪೇಷಂಟುಗಳಿಗೂ ನಾನು ತೋರಿಸೋದು ಏನೂ ಕಾಣಿಸಲ್ಲ. ನಂಬ್ತಾರೆ, ಪಾಪ."

ಅಷ್ಟು ಹೇಳಿ ನಕ್ಕರು. ನಾನೂ ನಕ್ಕೆ.

ಕೆಲಸ ಶುರುವಾಯಿತು. ಸುಳ್ಳಿನ ಮೇಲೆ ನಿಂತ ಕೆಲಸವಾದರೂ ಅದರಲ್ಲಿ ನನಗೆ ಸಿಕ್ಕ ಸುಖವನ್ನು ಮುಚ್ಚಿಡಲಾರೆ. ಹುಣಸೆ ಮರದ ಕೊಂಬೆಗೆ ಚೈನು ರಾಟೆ ಕಟ್ಟಿ ಹಳೇ ಎಂಜಿನ್ನನ್ನು ಎತ್ತಿ ಇಳಿಸಿದೆ. ಹೊಸದು ಎರಡು ಆಳಿನಷ್ಟು ಹೆಚ್ಚು ಭಾರ. ಅದರ ಹಿಂಭಾಗಕ್ಕೂ ಜೀಪಿನ ಗೇರುಪೆಟ್ಟಿಗೆಯ ಬಾಯಿಗೂ ಹೊಂದುವುದಿಲ್ಲ. ನಡುವೆ ಒಂದು ದಪ್ಪ ತಟ್ಟೆ ಮಾಡಿಸಿ ಎರಡನ್ನೂ ಕೂಡಿಸಬೇಕು, ಒಂದು ಕೂದಲೆಳೆ ಆಚೀಚೆ ಆದರೂ ಕ್ಲಚ್ಚು ನಡುಗುತ್ತದೆ. ಎಂಜಿನ್ ಕೂರುವ ಕಾಲುಗಳನ್ನು ಕತ್ತರಿಸಿ ಬೇರೆ ಬೆಸೆದೆ. ಭಾರ ತಡೆಯಲಿ ಎಂದು ಮುಂದಿನ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಸೇರಿಸಿದೆ. ರೇಡಿಯೇಟರನ್ನು ಎರಡು ಇಂಚು ಮುಂದಕ್ಕೆ ತಳ್ಳಿದೆ. ಊಟ ಮರೆಯುತ್ತಿದ್ದೆ. ಹೆಂಡತಿ ಕ್ಯಾರಿಯರ್ ಕಳಿಸಿದರೆ ಅದು ಸಂಜೆಯವರೆಗೆ ಬೆಂಚಿನ ಮೇಲೇ ಇರುತ್ತಿತ್ತು.

ಆ ತಟ್ಟೆಯನ್ನು ಕಡೆದುಕೊಟ್ಟವನು ಬಸ್ ಸ್ಟ್ಯಾಂಡಿನ ಹಿಂದೆ ಲೇತ್ ಇಟ್ಟಿದ್ದ ವಯನಾಡಿನ ಮಲಯಾಳಿ. ಅಳತೆಗೆ ಬಂದವನು ಹುಣಸೆ ಮರದ ಬುಡದಲ್ಲಿದ್ದ ಹಳೇ ಎಂಜಿನ್ನನ್ನು ಸುತ್ತು ಹಾಕಿ, ಬೆರಳಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿದ.

"ಚೇಟ್ಟಾ, ಈ ಬ್ಲಾಕು ಒಳ್ಳೇದಲ್ಲೇ? ಗಂಟೆ ತರಹ ಒದರ್ತದೆ. ಇದಕ್ಕೆ ಎಂಥ ಕೇಡು?"

"ನಿನ್ ಕೆಲ್ಸ ನೀನ್ ನೋಡ್ಕೊ" ಎಂದು ಹರಿಹಾಯ್ದೆ. ಅವನು ಭುಜ ಕುಣಿಸಿ, ಅಳತೆ ತೆಗೆದುಕೊಂಡು ಹೋದ. ಆಮೇಲೆ ಆ ಎಂಜಿನ್ನಿನ ಮೇಲೆ ಎರಡು ಗೋಣಿ ಮುಚ್ಚಿದೆ.

ಇಪ್ಪತ್ತು ದಿನ ಹಿಡಿಯಿತು. ಸ್ಟಾರ್ಟ್ ಮಾಡಿದ ದಿನ ಟೀ ಅಂಗಡಿಯೇ ಎದ್ದು ಬಂದು ಶೆಡ್ಡಿನಲ್ಲಿ ನಿಂತಿತ್ತು. ಕೀಲಿ ತಿರುಗಿಸಿದೆ. ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಡಗಡಗ ಎಂದು ಹತ್ತಿಕೊಂಡಿತು. ಏನು ಸದ್ದು ಅದು! ಶೆಡ್ಡಿನ ತಗಡು ಅದುರಿತು. ಎಲ್ಲರೂ ಚಪ್ಪಾಳೆ ಹೊಡೆದರು. ಜೀಪು ತೆಗೆದುಕೊಂಡು ಹೋಗಲು ಬಂದಿದ್ದ ಮುದುಕ ಮಾತ್ರ ಕೈ ಕಟ್ಟಿಕೊಂಡು ನಿಂತಿದ್ದ. ಸುತ್ತಲಿನವರು ಚದುರಿದ ಮೇಲೆ ಹತ್ತಿರ ಬಂದ.

"ಇದು ಕಾಕಿ ಜೀಪಿನ ಸದ್ದು ಕಣ್ಲಾ."

"ಔದು. ಅದ್ರದ್ದೇ ಎಂಜಿನ್ನು, ಅದ್ರದ್ದೇ ಸೈಲೆನ್ಸರ್ರು. ಗುರುತು ಇಡ್ದುಬುಟ್ಟೆ ಬುಡು."

"ಪೋಡ್ಗ ಇದ್ರಲ್ಲಿ ಎಂಗ್ ಓಗದು?"

"ನಾಯಿ ನರಿ ಎಲ್ಲಾ ದಾರಿ ಬುಡ್ತವ, ನೆಟ್ಟಗ ಓಗದು" ಎಂದೆ.

ಅವನು ನಗಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಆ ವರ್ಷಗಳಲ್ಲಿ ಆ ಕಾಡಿನಲ್ಲಿ ದಂತಚೋರನಿಗಾಗಿ ಪೊಲೀಸರ ಹುಡುಕಾಟ ನಡೆಯುತ್ತಿತ್ತು. ಖಾಕಿ ತೊಟ್ಟವರ ಜೀಪುಗಳು ಹೊತ್ತಲ್ಲದ ಹೊತ್ತಿನಲ್ಲಿ ಪೋಡುಗಳಿಗೆ ಬರುವುದು, ಯಾರಿಗೆ ಅಕ್ಕಿ ಕೊಟ್ಟೆ, ಯಾರಿಗೆ ದಾರಿ ತೋರಿಸಿದೆ ಎಂದು ಕೇಳುವುದು, ಗಂಡಸರನ್ನು ಹತ್ತಿಸಿಕೊಂಡು ಹೋಗುವುದು ನಡೆದೇ ಇತ್ತು. ಕೆಲವರು ತಿರುಗಿ ಬರುವುದಕ್ಕೆ ತಿಂಗಳುಗಳು ಹಿಡಿದವು. ನಾವು ಪೇಟೆಯವರು ಇದನ್ನೆಲ್ಲ ಟೀ ಕುಡಿಯುತ್ತ ಪತ್ರಿಕೆಯಲ್ಲಿ ಓದಿ, ಅಯ್ಯೋ ಎಂದು, ಪತ್ರಿಕೆ ಮಡಿಸಿಡುತ್ತಿದ್ದೆವು. ನನಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ. ಗೊತ್ತಿದ್ದೂ ಎಂಜಿನ್ನಿನ ಸದ್ದನ್ನೂ ಆ ಜನರ ಹೆದರಿಕೆಯನ್ನೂ ಕೂಡಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ. ನನ್ನ ಬುದ್ಧಿಯೆಲ್ಲ ಆ ತಟ್ಟೆಯಲ್ಲಿತ್ತು.

ಮೊದಲ ಬುಧವಾರ ನಾನೂ ಜೊತೆಗೆ ಹೊರಟೆ. ಟ್ರಯಲ್ ನೋಡುವ ನೆಪ. ನಿಜವಾಗಿ ಬೇಕಾಗಿದ್ದದ್ದು ನಾಲ್ಕು ಜನರ ಕೈಯಲ್ಲಿ ಭೇಷ್ ಅನ್ನಿಸಿಕೊಳ್ಳುವುದು. ಮುಂದೆ ಮುದುಕ ಮತ್ತು ನಾನು, ಹಿಂದೆ ಔಷಧಿ ಪೆಟ್ಟಿಗೆಯ ಪಕ್ಕ ಡಾಕ್ಟರಮ್ಮ. ದಾರಿಯುದ್ದಕ್ಕೂ ಅವರು ಒಂದು ಹುಡುಗಿಯ ವಿಷಯ ಹೇಳುತ್ತಿದ್ದರು. ಇಪ್ಪತ್ತು ವರ್ಷದವಳು, ಚೊಚ್ಚಲ ಬಸುರಿ, ಎಂಟು ತಿಂಗಳು ತುಂಬಿದೆ, ಕಾಲೆಲ್ಲ ಊದಿಕೊಂಡಿದೆ, ಬಿ.ಪಿ. ವಿಪರೀತ. ಹೋದ ವಾರವೇ ಬೇರೆಯವರ ಗಾಡಿಯಲ್ಲಿ ಬಂದು ನೋಡಿಹೋಗಿದ್ದರಂತೆ. ಆಸ್ಪತ್ರೆಗೆ ಬಾ ಎಂದರೆ ಅವಳ ತಾಯಿ ಒಪ್ಪಿರಲಿಲ್ಲ. ಗೋಗರೆದು, ಬುಧವಾರ ನನ್ನ ಜೀಪಿನಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ, ಪಕ್ಕದಲ್ಲೇ ಇರುತ್ತೇನೆ ಎಂದ ಮೇಲೆ ಹೂಂ ಅಂದಿದ್ದಳು.

"ಇವತ್ತು ಅವಳನ್ನ ಕರ್ಕೊಂಡು ಬರ್ಲೇಬೇಕು" ಎಂದರು ಡಾಕ್ಟರಮ್ಮ. "ಫಿಟ್ಸ್ ಬಂದ್ರೆ ತಾಯಿ ಮಗು ಇಬ್ಬರೂ ಕೈಗೆ ಸಿಗಲ್ಲ."

ಪುಣಜನೂರಿನ ಅರಣ್ಯ ಇಲಾಖೆಯ ಗೇಟಿನಲ್ಲಿ ಒಂದು ತಮಾಷೆಯಾಯಿತು. ಆಗ ಅದು ತಮಾಷೆಯೇ. ನಮ್ಮ ಜೀಪು ತಿರುವಿನಿಂದ ಕಾಣಿಸುವ ಮೊದಲೇ, ಸದ್ದಿಗೇ ಗೇಟಿನವನು ಅಡ್ಡಗೋಲು ಎತ್ತಿ, ಟೋಪಿ ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದ. ಹತ್ತಿರ ಬಂದಾಗ ಡಾಕ್ಟರಮ್ಮನನ್ನು ಕಂಡು ಪೆಚ್ಚಾದ. ನಾನು ತೊಡೆ ತಟ್ಟಿಕೊಂಡು ನಕ್ಕೆ. "ನೋಡ್ದಾ, ಸಲ್ಯೂಟು!" ಎಂದು ಮುದುಕನನ್ನು ತಿವಿದೆ. ಅವನು ರಸ್ತೆಯನ್ನೇ ನೋಡುತ್ತ ಓಡಿಸಿದ.

ಹಳ್ಳದಲ್ಲಿ ಮೊಣಕಾಲುದ್ದ ನೀರಿತ್ತು. ಮುದುಕ ಮುಂದಿನ ಚಕ್ರದ ಗೇರು ಹಾಕಿದ. ಹಳೇ ಎಂಜಿನ್ನಾದರೆ ಅಲ್ಲಿ ಎರಡು ಸಲ ನಿಂತು ಉಸಿರು ಎಳೆದುಕೊಳ್ಳುತ್ತಿತ್ತು. ಇದು ಕಲ್ಲು ಮರಳು ಎನ್ನದೆ ಡಗಡಗ ಎಂದು ಏರಿಬಿಟ್ಟಿತು. ಕಾಡಿಗೆ ಕಾಡೇ ಅದನ್ನು ತಿರುಗಿ ಒದರಿತು. ನಾನು ಹಿಂದೆ ತಿರುಗಿ "ಎಂಗದ ಅಮ್ಮಾ?" ಎಂದೆ. ಅವರು ಚೆನ್ನಾಗಿದೆ ಎಂಬಂತೆ ಕೈ ಮಾಡಿದರು. ದಾರಿಯಲ್ಲಿ ಒಂದು ಮಗುವೂ ನಿಂತಿರಲಿಲ್ಲ.

ಪೋಡಿನ ನಡುವೆ ಹೋಗಿ ನಿಲ್ಲಿಸಿದೆವು. ಎಂಜಿನ್ನು ಆರಿಸಿದ ಮೇಲೆ ಎಂಥ ನಿಶ್ಶಬ್ದ ಎಂದರೆ ಬಿಸಿ ಕಬ್ಬಿಣ ಟಿಕ್ ಟಿಕ್ ಎನ್ನುವುದು ಕೇಳುತ್ತಿತ್ತು. ಒಂದು ಗುಡಿಸಲಿನ ಮುಂದೆ ಒಲೆ ಉರಿಯುತ್ತಿತ್ತು, ಮಡಕೆಯಲ್ಲಿ ಸೊಪ್ಪು ಕುದಿಯುತ್ತಿತ್ತು. ಇನ್ನೊಂದರ ಮುಂದೆ ಅರ್ಧ ಕೇರಿದ ರಾಗಿ, ಮೊರ ಬೋರಲು ಬಿದ್ದಿತ್ತು. ಒಂದು ನಾಯಿ ನಮ್ಮನ್ನು ನೋಡಿ ಬೊಗಳದೆ ಗುಡಿಸಲಿನ ಹಿಂದಕ್ಕೆ ಹೋಯಿತು. ಮನುಷ್ಯರು ಒಬ್ಬರೂ ಇಲ್ಲ.

ಡಾಕ್ಟರಮ್ಮ ಇಳಿದು ಕೂಗಿದರು. "ನಾನು ಕಣ್ರವ್ವಾ, ಡಾಕ್ಟ್ರಮ್ಮ!" ಕೈಯನ್ನು ಬಾಯಿಗೆ ಗೂಡು ಮಾಡಿಕೊಂಡು ನಾಲ್ಕು ದಿಕ್ಕಿಗೂ ಕೂಗಿದರು. ಮುದುಕ ಪೋಡಿನ ಆಚೆ ಅಂಚಿನವರೆಗೆ ಹೋಗಿ ಕೂಗಿದ. ಅವನು ತಿರುಗಿ ಬರುವಾಗ ಕೈಯಲ್ಲಿ ಒಂದು ಗಂಟಿತ್ತು. ಕಾಡಿನ ಕಾಲುದಾರಿಯಲ್ಲಿ ಬಿದ್ದಿತ್ತಂತೆ. ಯಾರದೆಂದು ನೋಡಲು ಡಾಕ್ಟರಮ್ಮ ಬಿಚ್ಚಿದರು. ಒಂದು ಹಸಿರು ಸೀರೆ, ಒಂದು ಬಾಚಣಿಗೆ, ಅವರೇ ಹೋದ ವಾರ ಬರೆದುಕೊಟ್ಟ ಚೀಟಿ. ತಳದಲ್ಲಿ, ಮೆತ್ತಗಾದ ಹಳೇ ಪಂಚೆಯೊಂದನ್ನು ನಾಲ್ಕು ತುಂಡು ಮಾಡಿ, ಒಗೆದು, ಮಡಿಸಿ ಇಟ್ಟಿತ್ತು. ಹುಟ್ಟುವ ಮಗುವಿಗೆ.

ಡಾಕ್ಟರಮ್ಮ ಆ ಬಟ್ಟೆ ಹಿಡಿದುಕೊಂಡು ಜೀಪಿನ ಕಡೆ ನೋಡಿದರು. ಮುದುಕ ನನ್ನ ಕಡೆ ನೋಡಿದ. ನನಗೆ ಆಗ ಅರ್ಥವಾಯಿತು. ಅವಳು ಸಿದ್ಧವಾಗಿ ಗಂಟು ಕಟ್ಟಿಕೊಂಡು ಕೂತಿದ್ದಳು. ಕೇಳಬೇಕಾದ ಸದ್ದು ಕೇಳಲಿಲ್ಲ, ಕೇಳಬಾರದ ಸದ್ದು ಕೇಳಿತು. ಆ ಊದಿದ ಕಾಲಿನಲ್ಲಿ ಅವಳು ನನ್ನ ಎಂಜಿನ್ನಿಗೆ ಹೆದರಿ ಕಾಡೊಳಗೆ ಓಡಿದ್ದಳು.

ಮಧ್ಯಾಹ್ನದವರೆಗೆ ಕಾದೆವು. ಒಲೆ ಆರಿತು. ನಾವು ಅಲ್ಲಿರುವವರೆಗೂ ಅವರು ಬರುವುದಿಲ್ಲ ಎಂದು ಮುದುಕ ಹೇಳಿದ. ಗಂಟನ್ನು ಅವಳ ಗುಡಿಸಲಿನ ಬಾಗಿಲಿಗೆ ಒರಗಿಸಿಟ್ಟು ಹೊರಟೆವು. ಹೊರಡುವುದಕ್ಕೂ ಅದೇ ಎಂಜಿನ್ನನ್ನು ಸ್ಟಾರ್ಟ್ ಮಾಡಬೇಕಿತ್ತು. ಅದರ ಡಗಡಗ ಸದ್ದಿಗೆ ನಾನು ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು. ಮುಚ್ಚಿಕೊಳ್ಳಲಿಲ್ಲ, ನಾಚಿಕೆಯಾಯಿತು.

ಶುಕ್ರವಾರ ಮುದುಕ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಬಂದ. ನಾನು ಒಂದು ಟ್ರಾಕ್ಟರಿನ ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದೆ. ಅವನ ಕಾಲು ಮಾತ್ರ ಕಾಣುತ್ತಿತ್ತು. ನನ್ನನ್ನು ಹೊರಗೆ ಕರೆಯದೆ, ನಿಂತಲ್ಲೇ ಹೇಳಿದ.

"ಬುಧ್ವಾರ ಸಂಜ ಆ ಬಸ್ರಿ ಕೂಸ್ಗ ಕಾಡ್ನಲ್ಲೇ ಕೈಕಾಲು ಸೆಟ್ಕೊಂಬುಡ್ತಂತ. ಒಂದು ಬಂಡ ಕೆಳ್ಗ ಹೆರುಗ ಆಗದ. ಮಗ ಉಳೀನಿಲ್ಲ. ಗಂಡ್ಮಗ. ನೆನ್ನ ಬೆಳುಗ್ಗ ಕಂಬ್ಳೀಲಿ ಹೊತ್ಕಂಡು ಪುಣಜನೂರ್ಗ ತಂದ್ರು. ಡಾಕ್ಟ್ರಮ್ಮ ಪಕ್ಕದಲ್ಲೇ ಕೂತವ್ರ. ಇವ್ಳು ಉಳ್ಕತಾಳಂತ."

ನಾನು ಟ್ರಾಕ್ಟರಿನ ಅಡಿಯಿಂದ ಈಚೆಗೆ ಬರಲಿಲ್ಲ. ಬರುವ ಧೈರ್ಯ ಇರಲಿಲ್ಲ. ಮುದುಕ, "ಅವತ್ತೇ ಏಳುದ್ನಲ್ಲಾ ಕಣ ನಿಂಗ" ಎಂದ. ಬೈದಿದ್ದರೆ ಚೆನ್ನಾಗಿತ್ತು. ಅವನು ಬಹಳ ಮೆತ್ತಗೆ ಹೇಳಿದ. ಆಮೇಲೆ ಆ ಕಾಲುಗಳು ಬಸ್ ಸ್ಟ್ಯಾಂಡಿನ ಕಡೆ ಹೋದವು.

ಮುಂದಿನ ವಾರ ಡಾಕ್ಟರಮ್ಮನನ್ನು ಕಾಣಲು ಹೋದೆ. ಎಲ್ಲ ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದೆ. ಅವರು ನನ್ನನ್ನು ಕೂರಿಸಿ, ನೀರು ಕೊಟ್ಟು, ತಪ್ಪು ತಮ್ಮದೇ ಎಂಬಂತೆ ಮಾತಾಡಿದರು. ಯೋಚನೆ ಮಾಡಬೇಕಾಗಿದ್ದವಳು ನಾನು, ಆ ಜನ ಎಷ್ಟು ಹೆದರಿದ್ದಾರೆ ಎಂದು ನನಗೆ ಗೊತ್ತಿತ್ತು, ನೀವು ಎಂಜಿನ್ ಕೆಲಸದವರು, ನಿಮಗೇನು ಗೊತ್ತಾಗಬೇಕು ಎಂದರು. ಆಮೇಲೆ ಕೇಳಿದರು:

"ಹಳೇ ಎಂಜಿನ್ನನ್ನ ಮತ್ತೆ ಕೂರಿಸೋಕೆ ಆಗೋದೇ ಇಲ್ವಾ? ಆ ಬಿರುಕಿಗೆ ಬೆಸುಗೆ ಹಾಕೋಕೆ ಬರಲ್ವಾ?"

ಬಾಯಿ ತೆರೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಬಿರುಕೇ ಇಲ್ಲ ಅಮ್ಮಾ ಎಂದರೆ ಮುಗಿಯುತ್ತಿತ್ತು. ನಾನು ಅಂದದ್ದು: "ಆಗಲ್ಲ ಅಮ್ಮಾ."

ಆಮೇಲಿನ ಎರಡು ಬುಧವಾರ ಅವರು ಜೀಪನ್ನು ಟಾರು ರಸ್ತೆಯಲ್ಲೇ ನಿಲ್ಲಿಸಿ ನಡೆದು ಹೋದರು. ಮುದುಕ ಮಂಡಿ ನೋವಿನ ಕಾಲು ಎಳೆದುಕೊಂಡು, ಪೆಟ್ಟಿಗೆ ಹೊತ್ತು, ನಾವು ಕಣ್ರಪ್ಪೋ ನಾವು ಎಂದು ಕೂಗುತ್ತ ಮುಂದೆ ನಡೆದನಂತೆ. ಇದನ್ನು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಹುಣಸೆ ಮರದ ಬುಡದ ಗೋಣಿ ತೆಗೆದು ಎಂಜಿನ್ನು ಬಿಚ್ಚಿದೆ. ಗ್ಯಾಸ್ಕೆಟ್, ರಿಂಗು, ವಾಲ್ವು. ಆರೇ ದಿನ. ನೆಲದ ಮೇಲೆ ಕಟ್ಟೆ ಕಟ್ಟಿ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ಮೊದಲ ತಿರುವಿಗೇ ಹತ್ತಿಕೊಂಡು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ಅದರ ಪಕ್ಕದಲ್ಲಿ ಕೂತು ಅತ್ತೆ. ಆರು ದಿನದ ಕೆಲಸವಾಗಿತ್ತು ಅದು, ಮೊದಲೂ ಆರೇ ದಿನದ್ದಾಗಿತ್ತು.

ಡಾಕ್ಟರಮ್ಮನಿಗೆ ಏನು ಹೇಳಿದೆ ಎಂದರೆ, ಕೊಯಮತ್ತೂರಿನಲ್ಲಿ ಎರಕದ ಕಬ್ಬಿಣಕ್ಕೆ ಬೆಸುಗೆ ಹಾಕುವವನೊಬ್ಬ ಸಿಕ್ಕಿದ, ಬಿರುಕು ಮುಚ್ಚಿಸಿಕೊಂಡು ಬಂದೆ ಎಂದು. ಮೂರನೇ ಸುಳ್ಳು. ಮೊದಲ ಎರಡಕ್ಕಿಂತ ಸಲೀಸಾಗಿ ಬಂತು.

ಡೀಸೆಲ್ ಎಂಜಿನ್ನನ್ನು ಇಳಿಸಿದೆ. ಕತ್ತರಿಸಿದ ಕಾಲುಗಳನ್ನು ಮತ್ತೆ ಮೊದಲಿನ ಜಾಗಕ್ಕೆ ಬೆಸೆದೆ, ರೇಡಿಯೇಟರನ್ನು ಹಿಂದಕ್ಕೆ ತಂದೆ. ಎಲ್ಲ ಕೂರಿಸಿ ಹೊಸ ಸೈಲೆನ್ಸರ್ ಹಾಕಲು ಹೊರಟರೆ ಮುದುಕ ಬಿಡಲಿಲ್ಲ. ತೂತಿನದೇ ಬೇಕು ಎಂದ. ಎಲ್ಲಿದೆ ಅದು? ಹುಡುಕಿದರೆ ಟೀ ಅಂಗಡಿಯವನು ಅದನ್ನು ತನ್ನ ಚಪ್ಪರಕ್ಕೆ ಆಸರೆಯ ಕಂಬ ಮಾಡಿಕೊಂಡಿದ್ದ. ಅವನಿಗೊಂದು ಬಿದಿರು ಕಡಿದುಕೊಟ್ಟು ಬಿಡಿಸಿಕೊಂಡು ಬಂದೆ. ತೂತು ಹಾಗೇ ಇತ್ತು. ಹಾಕಿ ಸ್ಟಾರ್ಟ್ ಮಾಡಿದೆವು. ಸುಯ್ ಸುಯ್. ಮುದುಕ ಮೊದಲ ಸಲ ನನ್ನ ಮುಖ ನೋಡಿ ನಕ್ಕ.

ಟೀ ಅಂಗಡಿಯಲ್ಲಿ ನನ್ನ ಮರ್ಯಾದೆ ಇನ್ನೂ ಹೆಚ್ಚಿತು. ಕಷ್ಟಪಟ್ಟು ಕೂರಿಸಿದ್ದನ್ನು ಕಾಡಿನ ಜನಕ್ಕಾಗಿ ತಾನೇ ಕಿತ್ತು ಹಾಕಿದ, ಮನ್ಸ ಅಂದ್ರ ಇಂಗಿರ್ಬೇಕು ಎಂದರು. ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿಗೆ ಬಂದವರಿಗೆಲ್ಲ ನನ್ನ ಒಳ್ಳೆಯತನ ಹೇಳಿದರಂತೆ. ಒಂದೊಂದು ಹೊಗಳಿಕೆಯೂ ಕೆನ್ನೆಗೆ ಬಾರಿಸಿದ ಹಾಗಿತ್ತು. ಹೊಗಳಿದವರ ಮೇಲೆ ರೇಗುತ್ತಿದ್ದೆ. ಅದನ್ನೂ ಅವರು ನನ್ನ ದೊಡ್ಡತನವೆಂದೇ ತಿಳಿದರು.

ಬುಧವಾರ ಡಾಕ್ಟರಮ್ಮ ನನ್ನನ್ನು ಬಲವಂತ ಮಾಡಿ ಕರೆದುಕೊಂಡು ಹೋದರು. ನೀವು ಮಾಡಿದ್ದನ್ನು ನೀವೇ ನೋಡಬೇಕು ಎಂದರು. ಹಳ್ಳಕ್ಕೆ ಇಳಿಯುವಾಗಲೇ ಆಚೆ ದಡದಲ್ಲಿ ಮಕ್ಕಳು ಕಂಡವು. ನೀರಿನಲ್ಲಿ ಎಂಜಿನ್ನು ಎರಡು ಸಲ ನಿಂತು ಉಸಿರೆಳೆದುಕೊಂಡಿತು, ಮಕ್ಕಳು ಅದನ್ನೇ ಅಣಕಿಸಿ ಸುಯ್ ಸುಯ್ ಎಂದು ಕುಣಿದವು. ಪೋಡಿನಲ್ಲಿ ಹೆಂಗಸರೆಲ್ಲ ಹೊರಗೆ ಬಂದಿದ್ದರು. ಡಾಕ್ಟರಮ್ಮ ಒಂದು ಮರದ ಕೆಳಗೆ ಪೆಟ್ಟಿಗೆ ಬಿಚ್ಚಿ, ಒಬ್ಬ ಅಜ್ಜಿಯ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ನಾನು ಜನರಿಂದ ತಪ್ಪಿಸಿಕೊಂಡು ಜೀಪಿನ ಹತ್ತಿರವೇ ನಿಂತಿದ್ದೆ.

ಒಬ್ಬಳು ಹುಡುಗಿ ನಿಧಾನಕ್ಕೆ ನಡೆದು ಬಂದಳು. ಮುಖ ಬಿಳಿಚಿತ್ತು. ಮೈಮೇಲೆ ಇದ್ದದ್ದು ಹಸಿರು ಸೀರೆ. ಆ ಸೀರೆಯನ್ನು ನಾನು ಗಂಟಿನೊಳಗೆ ನೋಡಿದ್ದೆ. ಅವಳು ನನ್ನನ್ನು ನೋಡಲಿಲ್ಲ, ಜೀಪಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವ ಹಾಗೆ.

"ವಾಸಿ ಆಯ್ತಾ ಇದ್ಕ?" ಎಂದಳು.

"ಆಯ್ತು ಕಣವ್ವ."

"ಏನಾಗಿತ್ತು?"

ಬಿರುಕು ಬಿಟ್ಟಿತ್ತು ಎನ್ನಬೇಕು. ನಾಲಿಗೆಯ ತುದಿಯಲ್ಲೇ ಇತ್ತು, ಮೂರು ಸಲ ಹೇಳಿ ರೂಢಿಯಾಗಿದ್ದ ಮಾತು. ಆ ಅಂಗೈ ನೋಡುತ್ತ ಅದು ಬರಲಿಲ್ಲ.

"ಏನೂ ಆಗಿರ್ನಿಲ್ಲ" ಎಂದೆ.

ಮರದ ಕೆಳಗೆ ಬಿ.ಪಿ. ಯಂತ್ರದ ರಬ್ಬರು ಉಂಡೆ ಒತ್ತುವ ಪುಸ್ ಪುಸ್ ಸದ್ದು ನಿಂತಿತು. ಡಾಕ್ಟರಮ್ಮ ಕೇಳಿಸಿಕೊಂಡಿದ್ದರು.

ಹುಡುಗಿ ಈಗ ನನ್ನ ಮುಖ ನೋಡಿದಳು. ಅವಳ ದನಿಯಲ್ಲಿ ಆರೋಪವಿರಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದಳು.

"ಏನೂ ಆಗ್ದೆ ಇದ್ರ, ಯಾಕ ಬಿಚ್ಚುದ್ರಿ?"

ನಾನು ಬಾನೆಟ್ಟು ಎತ್ತಿ, ನೋಡುವುದಕ್ಕೇನೂ ಇಲ್ಲದಿದ್ದರೂ ಒಳಗೆ ಬಗ್ಗಿ ನೋಡುತ್ತ ನಿಂತೆ. ಅವಳು ಮರದ ಕಡೆ ಹೋದಳು.

ತಿರುಗಿ ಬರುವಾಗ ಚಾಮರಾಜನಗರದ ಬಸ್ ಸ್ಟ್ಯಾಂಡಿನ ಮುಂದೆ ನನ್ನನ್ನು ಇಳಿಸಿದರು. ಡಾಕ್ಟರಮ್ಮ ಟಾರ್ಪಾಲಿನ ಪರದೆ ಸರಿಸಿ, "ಬಿರುಕು ಇರ್ಲೇ ಇಲ್ವಾ?" ಎಂದು ಕೇಳಿದರು.

"ಇರ್ಲಿಲ್ಲ ಅಮ್ಮಾ."

ಮುದುಕ ಮುಂದೆ ನೋಡುತ್ತ ಕೂತಿದ್ದ. ಪರದೆ ಇಳಿಯಿತು, ಜೀಪು ಹೊರಟಿತು. ಅದು ಮತ್ತೆ ಎಂದೂ ನನ್ನ ಶೆಡ್ಡಿಗೆ ಬರಲಿಲ್ಲ. ಬಸ್ ಸ್ಟ್ಯಾಂಡಿನ ಅಷ್ಟು ಗಲಾಟೆಯ ನಡುವೆಯೂ ಆ ಸುಯ್ ಸುಯ್ ತುಂಬ ದೂರದವರೆಗೆ ನನಗೆ ಕೇಳಿಸುತ್ತಿತ್ತು. ಎರಡನೇ ಗೇರಿನಿಂದ ಮೂರಕ್ಕೆ ಬಿತ್ತು. ಎಂಜಿನ್ನಿನಲ್ಲಿ ಒಂದು ದೋಷವೂ ಇರಲಿಲ್ಲ.